ಬಿತ್ತಿದಂತೆ ಬೆಳೆಯುವುದೆ?

'ಬಿತ್ತಿದಂತೆ ಬೆಳೆ' ಎಂಬ ಗಾದೆಯನ್ನು ನಮ್ಮ ಹಿರಿಯರು ಹೊಲದಲ್ಲಿ ಕಂಡು ಆಡಿದರು. ನೀತಿಗೆ ಅದನ್ನು ಅನ್ವಯಿಸಿದುದು ಆಮೇಲಿನ ಮಾತು. ನೀತಿಯ ಪ್ರಪಂಚದಲ್ಲಿ ಅದು ಇಂದಿಗೂ ಸಲ್ಲುತ್ತದೆಯೋ ಇಲ್ಲವೋ ನಾನು ಹೇಳಲಾರೆ. ಹೊಲದಲ್ಲಂತೂ ಹಲವು ಬೆಳೆಗಳಿಗೆ ಅದು ಸಲ್ಲದೆ ಹೋಗಿ ಬಹಳ ಕಾಲವಾಯಿತು. ಸಂಕರ ಮುಸುಕಿನ ಜೋಳವನ್ನೋ ಸಂಕರ ಹತ್ತಿಯನ್ನೋ ಬೆಳೆದ ರೈತನು, ಬೆಳೆ ಚೆನ್ನಾಗಿ ಬಂದಿತೆಂದು ಅದರಲ್ಲಿಯೇ ಉತ್ತಮವಾದ ಕಾಳುಗಳನ್ನು ಆಯ್ದು ಮುಂದಿನ ವರ್ಷ ಬಿತ್ತಿದರೆ, ಒಂದು ಗಿಡ ಎತ್ತರ, ಒಂದು ಗಿಡ್ಡ, ಒಂದರಲ್ಲಿ ಫಲ ಹೆಚ್ಚು, ಮತ್ತೊಂದರಲ್ಲಿ ಏನೂ ಇಲ್ಲ ಎಂಬಂಥ ಹೊಲವನ್ನು ಕಾಣುತ್ತಾನೆ. ಆದುದರಿಂದ ಅವನು ವರ್ಷ ವರ್ಷವೂ ಬೀಜದ ಅಂಗಡಿಗೆ ಹೋಗಲೇಬೇಕು.

ಇದಕ್ಕೆ ಕಾರಣ ಯಾರ ಮೋಸವೂ ಅಲ್ಲ. ಸಂಕರ ಗಿಡದ ಬಲವಿರುವುದು ಅದು ತಂದೆತಾಯಿಗಳಿಂದ ಪಡೆದ ಭಿನ್ನ ಭಿನ್ನ ಜೀನುಗಳ ಜೋಡಣೆಯಲ್ಲಿ. ಆ ಗಿಡವು ತಾನು ಬೀಜ ಕಟ್ಟುವ ಮುನ್ನ ತನ್ನ ಅಂಡವನ್ನೂ ಪರಾಗವನ್ನೂ ಸಿದ್ಧಗೊಳಿಸುವಾಗ, ವರ್ಣತಂತುಗಳನ್ನು ಇಸ್ಪೀಟಿನ ಎಲೆಗಳಂತೆ ಕಲಸಿ, ಅರ್ಧರ್ಧವಾಗಿ ಹಂಚಿಬಿಡುತ್ತದೆ. ಸಂಖ್ಯಾಕ್ಷೀಣ ವಿಭಜನೆ ಎಂದು ಇದನ್ನು ಕರೆಯುತ್ತಾರೆ. ಹೀಗೆ ಕಲಸಿದ ಮೇಲೆ ಮೊದಲಿನ ಜೋಡಣೆ ಮರಳಿ ಬರುವುದೆಲ್ಲಿಂದ? ನಮ್ಮ ದೇಶದ ಸಸ್ಯತಳಿ ಸಂರಕ್ಷಣೆ ಹಾಗೂ ರೈತರ ಹಕ್ಕುಗಳ ಕಾಯಿದೆಯು ೨೦೦೧ರಲ್ಲಿ ಅಂಗೀಕೃತವಾಯಿತು. ಅದರ ೩೯ನೆಯ ಪ್ರಕರಣವು ರೈತನಿಗೆ ತನ್ನ ಬೆಳೆಯ ಬೀಜವನ್ನು ಉಳಿಸಿಕೊಳ್ಳುವ, ಮತ್ತೆ ಬಿತ್ತುವ, ನೆರೆಯವರೊಡನೆ ಬದಲಿಸಿಕೊಳ್ಳುವ, ಹೆಸರಿನ ಮುದ್ರೆಯಿಲ್ಲದೆ ಮಾರುವ ಹಕ್ಕನ್ನು ಕೊಟ್ಟಿದೆ. ಬಹು ಉದಾರವಾದ ಕಾಯಿದೆ. ಆದರೆ ಸಂಕರ ಬೀಜದ ವಿಷಯದಲ್ಲಿ ಕಾನೂನು ಕೊಟ್ಟುದನ್ನು ಜೀವಕೋಶ ಕಿತ್ತುಕೊಳ್ಳುತ್ತದೆ. ಉಳಿಸಿಕೊಳ್ಳುವ ಹಕ್ಕಿದೆ, ಉಳಿಸಿಕೊಂಡರೆ ಪ್ರಯೋಜನವಿಲ್ಲ. ಈ ಬರಿದಾದ ಹಕ್ಕನ್ನು ತುಂಬಿಕೊಡುವ ಉಪಾಯವು ಬೀಜದೊಳಗಿನ ಜೀನುಗಳಲ್ಲಿಯೇ ಇರುವುದೆಂದೂ, ಅದನ್ನು ಹುಡುಕಿ ರೈತನ ಕೈಗೆ ಕೊಡುವ ಕೆಲಸ ಸಾರ್ವಜನಿಕ ಸಂಸ್ಥೆಗಳದೆಂದೂ ನನ್ನ ಅಭಿಪ್ರಾಯ. ಅದನ್ನು ಸಮರ್ಥಿಸಬೇಕಾದರೆ ಬೀಜವು ಹೇಗೆ ಬೀಜವಾಗುತ್ತದೆಂಬುದನ್ನು ಸ್ವಲ್ಪ ನೋಡಬೇಕಾಗುತ್ತದೆ.

೧೮೯೮ರಲ್ಲಿ ರಷ್ಯದ ಸೆರ್ಗೆಯ್ ನವಾಷಿನ್ ಎಂಬ ವಿಜ್ಞಾನಿ ಲಿಲ್ಲಿ ಜಾತಿಯ ಹೂಗಳನ್ನು ಪರೀಕ್ಷಿಸುತ್ತ ಒಂದು ವಿಚಿತ್ರವನ್ನು ಕಂಡನು. ಮರುವರ್ಷ ಫ್ರಾನ್ಸಿನ ಗಿನ್ಯಾರ್ ಸಹ ಅದನ್ನೇ ಕಂಡನು. ಪರಾಗನಾಳದಿಂದ ಅಂಡಕದೊಳಕ್ಕೆ ಇಳಿಯುವ ಪುರುಷಕೋಶ ಒಂದಲ್ಲ, ಎರಡು. ಒಂದು ಅಂಡದೊಡನೆ ಕೂಡಿ ಭ್ರೂಣವಾಗುತ್ತದೆ. ಇನ್ನೊಂದು ಪಕ್ಕದ ಮಧ್ಯಕೋಶದೊಡನೆ ಕೂಡಿ, ಆ ಭ್ರೂಣಕ್ಕೆ ಉಣಿಸುವ ಭ್ರೂಣಾಹಾರವಾಗುತ್ತದೆ. ಎಳನೀರು ಕುಡಿಯುವಾಗ ನಾವು ಕುಡಿಯುವುದು ತೆಂಗಿನ ಭ್ರೂಣಾಹಾರವನ್ನು. ಅನ್ನ, ರೊಟ್ಟಿ, ಮುದ್ದೆಗಳಲ್ಲಿರುವುದು ಬಹುಪಾಲು ಅದೇ. ಮನುಷ್ಯಕುಲವು ತನ್ನ ಹೊಟ್ಟೆಗಾಗಿ ಆಶ್ರಯಿಸಿರುವುದು, ಮತ್ತೊಂದು ಕೂಸಿಗಾಗಿ ಕಟ್ಟಿಟ್ಟ ಈ ಬುತ್ತಿಯನ್ನು.

ಹೀಗಾಗಿ ಒಂದು ಬೀಜದಲ್ಲಿ ಮೂರು ಬಗೆಯ ಒಡಲುಗಳು ಒಟ್ಟಿಗೆ ಇರುತ್ತವೆ. ಮೇಲಿನ ಸಿಪ್ಪೆ ತಾಯಿಯದೇ. ಭ್ರೂಣದಲ್ಲಿ ತಾಯಿ ತಂದೆಯರದು ಸಮಪಾಲು. ಭ್ರೂಣಾಹಾರದಲ್ಲಿ ತಾಯಿಯದು ಎರಡು ಪಾಲು, ತಂದೆಯದು ಒಂದು. ಈ ಎರಡಕ್ಕೆ ಒಂದು ಎಂಬ ಲೆಕ್ಕ ತಪ್ಪಿದರೆ ಅನೇಕ ಗಿಡಗಳಲ್ಲಿ ಬೀಜ ಜೊಳ್ಳಾಗುತ್ತದೆ. ಮೂರೂ ಒಡಲುಗಳು ಒಂದರ ಮಾತನ್ನೊಂದು ಕೇಳಿ, ಹೊತ್ತಿಗೆ ಸರಿಯಾಗಿ ಬೆಳೆದು, ಹೊತ್ತಿಗೆ ಸರಿಯಾಗಿ ನಿಲ್ಲಬೇಕು. ಮೇಲಧಿಕಾರಿಯೊಬ್ಬನಿಲ್ಲದೆ ಇಷ್ಟು ಕ್ರಮವಾಗಿ ನಡೆಯುವ ಕಚೇರಿಯನ್ನು ನಾವು ಬೇರೆಲ್ಲಿಯೂ ಕಾಣೆವು.

ಈ ಕ್ರಮವನ್ನು ಕಾಯುವ ಜೀನುಗಳ ಪೈಕಿ ಮೊದಲು ಹೇಳಬೇಕಾದುದು ಬಾಗಿಲು ಕಾಯುವವನ್ನು. ೧೯೯೭ರಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾ ನಗರದಲ್ಲಿ ಅಬೆದ್ ಚೌಧುರಿ ಮತ್ತು ಅವರ ಸಂಗಡಿಗರು ಅರಾಬಿಡಾಪ್ಸಿಸ್ ಎಂಬ, ಸಾಸಿವೆಯ ಕುಟುಂಬಕ್ಕೆ ಸೇರಿದ ಕಿರುಗಿಡದಲ್ಲಿ ಕೆಲವು ವಿಕೃತ ಸಸ್ಯಗಳನ್ನು ಗುರುತಿಸಿದರು. ಅವುಗಳ ಹೂವಿಗೆ ಪರಾಗ ಸೋಕದಿದ್ದರೂ ಕಾಯಿ ಉದ್ದವಾಗುತ್ತಿತ್ತು. ಒಳಗೆ ಭ್ರೂಣಾಹಾರ ಬೆಳೆಯತೊಡಗುತ್ತಿತ್ತು. ಬೀಜದಂಥ ಆಕಾರವೂ ಬರುತ್ತಿತ್ತು. ಕೊನೆಗೆ ಎಲ್ಲವೂ ಕುಸಿಯುತ್ತಿತ್ತು. ಇದರ ಅರ್ಥವೇನು? ಬೀಜವನ್ನು ಕಟ್ಟಲು ಬೇಕಾದ ಸಿದ್ಧತೆ ತಾಯಿಯಲ್ಲಿ ಮೊದಲೇ ಇರುತ್ತದೆ. ನಿಷೇಚನವಾಗುವ ತನಕ ಅದನ್ನು ತಡೆದು ನಿಲ್ಲಿಸುವ ಜೀನುಗಳು ಬೇರೆ ಇರುತ್ತವೆ. ಕೆಟ್ಟುದು ಈ ತಡೆ. ಬೀಜವು 'ಆಗು' ಎಂದು ಹೇಳಿಸಿಕೊಂಡು ಆಗುವುದೆಂದು ನಾವು ಭಾವಿಸಿದ್ದೆವು. 'ಇನ್ನೂ ಆಗಬೇಡ' ಎಂಬ ಆಜ್ಞೆಯನ್ನು ತೆಗೆದುದರಿಂದಲೂ ಅದು ಆಗತೊಡಗುವುದೆಂದು ಇದರಿಂದ ತಿಳಿಯಿತು.

ಅದರ ಮರುವರ್ಷ, ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಸಂಶೋಧನಾಲಯದಲ್ಲಿ ಯೂಲಿ ಗ್ರಾಸ್‌ನಿಕ್ಲಾಸ್ ಮೊದಲಾದವರು ಇಂಥದೇ ಒಂದು ಜೀನನ್ನು ಬೇರ್ಪಡಿಸಿ, ತನ್ನ ಮಕ್ಕಳನ್ನು ತಾನೇ ಕೊಂದ ಗ್ರೀಕ್ ಪುರಾಣದ ಮೆಡಿಯಾಳ ಹೆಸರನ್ನು ಅದಕ್ಕಿಟ್ಟರು. ತಾಯಿಯಿಂದ ಬಂದ ಪ್ರತಿ ಕೆಟ್ಟಿದ್ದರೆ, ತಂದೆಯಿಂದ ಬಂದ ಪ್ರತಿ ನೆಟ್ಟಗಿದ್ದರೂ ಭ್ರೂಣ ಸಾಯುತ್ತದೆ. ಏಕೆಂದರೆ ಬೀಜದಲ್ಲಿ ತಂದೆಯ ಪ್ರತಿಯ ಬಾಯಿಗೆ ಬೀಗ ಬಿದ್ದಿರುತ್ತದೆ. ಒಂದೇ ಜೀನು, ಯಾರ ಕಡೆಯಿಂದ ಬಂದಿತೆಂಬುದರ ಮೇಲೆ ಅದರ ಮಾತು ನಡೆಯುವುದೋ ಇಲ್ಲವೋ ನಿಶ್ಚಯವಾಗುತ್ತದೆ. ಮೆಂಡಲನ ಬಟಾಣಿಯ ಲೆಕ್ಕದಲ್ಲಿ ಇದಕ್ಕೆ ಎಡೆಯಿರಲಿಲ್ಲ. ಇನ್ನೂ ಸೋಜಿಗವೆಂದರೆ, ಹಣ್ಣಿನ ನೊಣದ ಮೈಕಟ್ಟನ್ನು ನಿಯಂತ್ರಿಸುವ ಒಂದು ಜೀನಿಗೂ ಇದಕ್ಕೂ ನಿಕಟವಾದ ಹೋಲಿಕೆಯುಂಟು. ಇವೆರಡೂ ವರ್ಣತಂತುವಿನ ದಾರ ಸುತ್ತಿಕೊಂಡಿರುವ ಪ್ರೋಟೀನುಗಳ ಮೇಲೆ ಒಂದು ರಾಸಾಯನಿಕ ಗುರುತನ್ನು ಒತ್ತಿ, ಆ ಭಾಗದ ಜೀನುಗಳನ್ನು ಮೌನವಾಗಿರಿಸುವ ಕಾರ್ಯದಲ್ಲಿ ತೊಡಗಿವೆ.

ಭ್ರೂಣದ ಕಡೆ ನಡೆಯುವ ವ್ಯಾಪಾರ ಬೇರೆ. ಬತ್ತದ ಅಂಡಕೋಶದಲ್ಲಿ ಭ್ರೂಣವನ್ನು ಆರಂಭಿಸಬಲ್ಲ 'ಬೇಬಿಬೂಮ್' ಎಂಬ ಜೀನು ನಿದ್ರಿಸುತ್ತಿರುತ್ತದೆ. ಪುರುಷಕೋಶವು ಬಂದು ಕೂಡಿದಾಗ ಅದು ತಂದ ಪ್ರತಿ ಎಚ್ಚರವಾಗಿದ್ದು ಅಂಡವನ್ನು ವಿಭಜನೆಗೆ ಹಚ್ಚುತ್ತದೆ. ಅಂಡ ಒಂಟಿಯಾಗಿ ಹೊರಡದಂತೆ ಪ್ರಕೃತಿ ಇಟ್ಟಿರುವ ಒಂದು ಬೀಗ ಇದು ಎನ್ನಬಹುದು. ಇದರ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಭ್ರೂಣ ರೂಪುಗೊಂಡ ಮೇಲೆ ಮತ್ತೊಂದು ಜೀನುಗಳ ತಂಡ ಅಧಿಕಾರ ವಹಿಸಿಕೊಳ್ಳುತ್ತದೆ. ಹಿಟ್ಟು, ಎಣ್ಣೆ, ಪ್ರೋಟೀನುಗಳನ್ನು ತುಂಬಿಸುವುದು, ನೀರನ್ನು ಹೊರಗಟ್ಟುವುದು, ಮೊಳಕೆಯನ್ನು ತಡೆದಿಡುವುದು ಇವುಗಳ ಕೆಲಸ. ಈ ತಡೆಯ ಜೀನು ಕೆಟ್ಟ ಮುಸುಕಿನ ಜೋಳದಲ್ಲಿ ಕಾಳುಗಳು ತೆನೆಯ ಮೇಲೆಯೇ ಮೊಳೆತುಬಿಡುತ್ತವೆ. ಒಣಗುವಾಗ ಜೀವಕೋಶ ಹಾಳಾಗದಂತೆ ಕಾಯುವ ಒಂದು ಬಗೆಯ ಪ್ರೋಟೀನುಗಳನ್ನು ಮೊದಲು ಗುರುತಿಸಿದುದು ಹತ್ತಿಯ ಬೀಜದಲ್ಲಿ. ಭ್ರೂಣವು ಬಲಿತ ಕೊನೆಯ ಘಟ್ಟದಲ್ಲಿ ಮಾತ್ರ ಅವುಗಳ ಜೀನು ಚಾಲನೆಗೆ ಬರುತ್ತದೆ. ಆ ಜೀನಿನ ಮುಂದೆ ಇರುವ ಒಂದು ತುಣುಕು ಗಡಿಯಾರದ ಅಲಾರಮಿನಂತೆ ಕೆಲಸ ಮಾಡಿ, ಹೊತ್ತು ಗೊತ್ತು ಮಾಡುತ್ತದೆ.

ಈ ಅಲಾರಮನ್ನು ಮನುಷ್ಯ ಮೊತ್ತಮೊದಲು ಯಾವುದಕ್ಕೆ ಬಳಸಬಯಸಿದನೆಂಬುದನ್ನು ನೋಡಿರಿ. ೧೯೯೮ರ ಮಾರ್ಚಿಯಲ್ಲಿ ಅಮೆರಿಕದ ಡೆಲ್ಟಾ ಅಂಡ್ ಪೈನ್ ಲ್ಯಾಂಡ್ ಎಂಬ ಹತ್ತಿಬೀಜದ ಕಂಪನಿಗೂ ಅಲ್ಲಿಯ ಸರ್ಕಾರದ ಕೃಷಿ ಇಲಾಖೆಗೂ ಜಂಟಿಯಾಗಿ ಒಂದು ಪೇಟೆಂಟು ದೊರೆಯಿತು. ಕೊನೆಯ ಘಟ್ಟದಲ್ಲಿ ಎಚ್ಚರಗೊಳ್ಳುವ ಆ ತುಣುಕಿಗೆ ಜೀವಕೋಶದ ಪ್ರೋಟೀನು ತಯಾರಿಕೆಯನ್ನೇ ನಿಲ್ಲಿಸುವ ವಿಷದ ಜೀನೊಂದನ್ನು ಜೋಡಿಸುವುದು. ನಡುವೆ ಒಂದು ಅಡ್ಡಿಯನ್ನಿಟ್ಟು ಬೀಜವನ್ನು ಬೇಕಾದಷ್ಟು ವೃದ್ಧಿ ಮಾಡಿಕೊಳ್ಳುವುದು. ಮಾರುವ ಮುನ್ನ ಬೀಜವನ್ನು ಔಷಧದಲ್ಲಿ ನೆನೆಸಿ ಅಡ್ಡಿಯನ್ನು ಕಳಚಿಬಿಡುವುದು. ರೈತನ ಹೊಲದಲ್ಲಿ ಬೆಳೆ ಚೆನ್ನಾಗಿಯೇ ಬರುತ್ತದೆ. ಕಾಳು ಬಲಿಯುವ ಹೊತ್ತಿಗೆ ಒಳಗಿನ ಭ್ರೂಣ ವಿಷದಿಂದ ಸಾಯುತ್ತದೆ. ಆ ಕಾಳು ಮಾರಾಟಕ್ಕೆ ಬರುತ್ತದೆ, ಬಿತ್ತನೆಗೆ ಬಾರದು. ವಿರೋಧಿಗಳು ಇದಕ್ಕೆ 'ಟರ್ಮಿನೇಟರ್' ಎಂದು ಹೆಸರಿಟ್ಟರು. ವಿಜ್ಞಾನದ ದೃಷ್ಟಿಯಿಂದ ಇದು ಜಾಣತನದ ರಚನೆಯೆಂಬುದನ್ನು ಒಪ್ಪಲೇಬೇಕು. ಆದರೆ ಬೀಜದ ಜೀನುಗಳ ಬಗ್ಗೆ ತಲೆಮಾರುಗಳಿಂದ ಕೂಡಿಬಂದ ತಿಳಿವಳಿಕೆಯನ್ನು, ಬೀಜ ಬೀಜವಾಗದಂತೆ ಮಾಡುವುದಕ್ಕೆ ವಿನಿಯೋಗಿಸುವುದು ಎಂಥ ವಿನಿಯೋಗ!

ಆ ವರ್ಷದ ಕೊನೆಯಲ್ಲಿ ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲಿ ಕರ್ನಾಟಕ ರಾಜ್ಯ ರೈತ ಸಂಘದವರು ಪರೀಕ್ಷಾರ್ಥವಾಗಿ ಬೆಳೆದಿದ್ದ ಹತ್ತಿಯ ಗಿಡಗಳನ್ನು ಕಿತ್ತು ಸುಟ್ಟುದನ್ನು ಹಲವರು ಮರೆತಿರಲಾರರು. ಅಲ್ಲಿ ಬೆಳೆದಿದ್ದುದು ಕಾಯಿಕೊರಕ ಹುಳುವಿಗೆ ವಿಷವಾಗುವ ಬಿಟಿ ಹತ್ತಿ. ಟರ್ಮಿನೇಟರ್ ಜೀನು ಅದರಲ್ಲಿರಲಿಲ್ಲ. ಇದನ್ನೇ ಹಿಡಿದು ರೈತರ ಅಜ್ಞಾನವನ್ನು ನಕ್ಕವರು ಉಂಟು. ಗಿಡವನ್ನು ಗುರುತಿಸುವುದರಲ್ಲಿ ಅವರು ತಪ್ಪಿದ್ದರು, ನಿಜ. ಪ್ರಶ್ನೆಯನ್ನು ಗುರುತಿಸುವುದರಲ್ಲಿ ತಪ್ಪಿರಲಿಲ್ಲ. ೨೦೦೦ದಲ್ಲಿ ಜೀವವೈವಿಧ್ಯ ಒಪ್ಪಂದದ ರಾಷ್ಟ್ರಗಳು ಈ ತಂತ್ರವನ್ನು ಹೊಲಕ್ಕೆ ಬಿಡಬಾರದೆಂದು ಶಿಫಾರಸು ಮಾಡಿದುವು. ನಮ್ಮ ೨೦೦೧ರ ಕಾಯಿದೆಯೂ ಅಂಥ ತಳಿಗಳಿಗೆ ನೋಂದಣಿಯನ್ನು ನಿರಾಕರಿಸಿತು. ಅದು ಎಲ್ಲಿಯೂ ಮಾರುಕಟ್ಟೆಗೆ ಬರಲಿಲ್ಲ. ಅಲ್ಲಿಗೆ ಗೆದ್ದೆವೆಂದು ನಾವೆಲ್ಲ ಸುಮ್ಮನಾದೆವು. ಸಂಕರ ಬೀಜವೆಂಬುದು, ಸದ್ದಿಲ್ಲದ, ವಿಷವಿಲ್ಲದ, ಸೌಮ್ಯವಾದ ಟರ್ಮಿನೇಟರೇ ಆಗಿ ಆಗಲೇ ನಮ್ಮ ಹೊಲಗಳಲ್ಲಿತ್ತು ಎಂಬುದನ್ನು ಮಾತ್ರ ಯಾರೂ ಎತ್ತಿ ಆಡಲಿಲ್ಲ.

ಸಂಕರದ ಗುಣ ಒಡೆದುಹೋಗುವುದು ಪ್ರಕೃತಿಯ ನಿಯಮ, ಅದಕ್ಕೆ ಮನುಷ್ಯ ಏನು ಮಾಡಬಲ್ಲ ಎಂದು ಕೇಳಬಹುದು. ಪ್ರಕೃತಿಯೇ ಈ ನಿಯಮವನ್ನು ನೂರಾರು ಕಡೆ ಮೀರಿದೆ. ಬಟಾಣಿಯಲ್ಲಿ ತನ್ನ ನಿಯಮಗಳನ್ನು ಕಂಡ ಮೆಂಡಲನು ಆಮೇಲೆ ಹೈರೇಸಿಯಂ ಎಂಬ ಹಳದಿ ಹೂವಿನ ಗಿಡವನ್ನು ಕೈಗೆತ್ತಿಕೊಂಡನು. ಅದರ ಸಂಕರಗಳು ಮುಂದಿನ ಪೀಳಿಗೆಯಲ್ಲಿ ಒಡೆಯಲಿಲ್ಲ. ತಾಯಿಯ ಪಡಿಯಚ್ಚುಗಳಾಗಿಯೇ ಹುಟ್ಟಿದುವು. ೧೮೬೯ರಲ್ಲಿ ಅವನು ಇದನ್ನು ವರದಿ ಮಾಡಿದನಾದರೂ ಕಾರಣ ಅವನಿಗೆ ತಿಳಿಯಲಿಲ್ಲ. ಆ ಗಿಡವು ತಂದೆಯ ನೆರವಿಲ್ಲದೆ, ಜೀನುಗಳನ್ನು ಕಲಸದೆ, ಬೀಜ ಕಟ್ಟುತ್ತದೆಂಬುದು ಅವನು ತೀರಿಕೊಂಡ ಮೇಲೆ ಗೊತ್ತಾಯಿತು. ಇಂಥ ಸಸ್ಯಗಳು ಇಂದು ೪೦೦ಕ್ಕೂ ಮಿಕ್ಕು ತಿಳಿದಿವೆ. ದೂರ ಹೋಗಬೇಕಾಗಿಲ್ಲ. ಪಶ್ಚಿಮ ಕರಾವಳಿಯ ಓಲೂರು, ಚಂದ್ರಕಾರನ್ ಮೊದಲಾದ ಮಾವಿನ ಒಂದೇ ವಾಟೆಯಿಂದ ಹಲವು ಸಸಿಗಳು ಏಳುವುದನ್ನು ಅಲ್ಲಿಯವರು ಬಲ್ಲರು. ಅವುಗಳಲ್ಲಿ ಹೆಚ್ಚಿನವು ತಾಯಿಯ ಒಡಲ ಕೋಶದಿಂದಲೇ ಹುಟ್ಟಿದವು. ಕೊಡಗಿನ ಕಿತ್ತಳೆಯನ್ನು ಬಹುಕಾಲ ಬೀಜದಿಂದಲೇ ಬೆಳೆಸುತ್ತಿದ್ದರೂ ಅದರ ಗುಣ ಕೆಡದೆ ಉಳಿದುದು ಇದೇ ಕಾರಣದಿಂದ. ಕಿತ್ತಳೆಯ ಕುಲದಲ್ಲಿ ಈ ಗುಣಕ್ಕೆ ಕಾರಣವೆನಿಸುವ ಜೀನನ್ನು ೨೦೧೭ರಲ್ಲಿ ಚೀನಾದ ವಿಜ್ಞಾನಿಗಳು ಗುರುತಿಸಿದರು.

ಈಗ ಬತ್ತಕ್ಕೆ ಬರೋಣ. ೨೦೦೮ರಲ್ಲಿ ಹೈದರಾಬಾದಿನ ಕೋಶೀಯ ಮತ್ತು ಆಣವಿಕ ಜೀವಶಾಸ್ತ್ರ ಕೇಂದ್ರದಲ್ಲಿ ಇಮ್ರಾನ್ ಸಿದ್ದಿಖಿಯವರೂ ಅವರ ಶಿಷ್ಯರೂ, ಒಂದೇ ಜೀನು ಕೆಟ್ಟುದರಿಂದ ಅರಾಬಿಡಾಪ್ಸಿಸ್ ಗಿಡದ ಅಂಡವು ವರ್ಣತಂತುಗಳನ್ನು ಅರ್ಧ ಮಾಡದೆ ಪೂರ್ತಿಯಾಗಿಯೇ ಉಳಿಸಿಕೊಳ್ಳುವುದನ್ನು ತೋರಿಸಿದರು. ಮರುವರ್ಷ ಫ್ರಾನ್ಸಿನ ರಫಾಯಲ್ ಮರ್ಸಿಯೆಯ ತಂಡವು ಮೂರು ಜೀನುಗಳನ್ನು ಒಟ್ಟಿಗೆ ಕೆಡಿಸಿ, ಸಂಖ್ಯಾಕ್ಷೀಣ ವಿಭಜನೆಯನ್ನು ಸಾಧಾರಣ ವಿಭಜನೆಯನ್ನಾಗಿ ಮಾರ್ಪಡಿಸಿತು. ಕಲಸುವುದೂ ಇಲ್ಲ, ಹಂಚುವುದೂ ಇಲ್ಲ. ಹೀಗೆ ತಾಯಿಯ ಪಡಿಯಚ್ಚಾದ ಅಂಡವೇನೋ ದೊರೆಯಿತು. ಅದು ತಂದೆಯಿಲ್ಲದೆ ಭ್ರೂಣವಾಗಬೇಕಲ್ಲ? ಇಲ್ಲಿಯೇ ಮೇಲೆ ಹೇಳಿದ ಬೇಬಿಬೂಮ್ ಜೀನು ಒದಗಿಬಂದುದು. ಕ್ಯಾಲಿಫೋರ್ನಿಯದ ಡೇವಿಸ್‌ನಲ್ಲಿ ವೆಂಕಟೇಶನ್ ಸುಂದರೇಶನ್, ಇಮ್ತಿಯಾಜ್ ಖಾಂಡೆ ಮೊದಲಾದವರು ಆ ಜೀನನ್ನು ಅಂಡಕೋಶದಲ್ಲಿಯೇ ಎಚ್ಚರಿಸಿ, ೨೦೧೮ರ ಕೊನೆಯಲ್ಲಿ ತಾಯಿಗೆ ಪೂರಾ ಸಮಾನವಾದ ಬತ್ತದ ಬೀಜಗಳನ್ನು ಪಡೆದುದನ್ನು ಪ್ರಕಟಿಸಿದರು. ಆಗ ನೂರು ಬೀಜಗಳಲ್ಲಿ ಹೆಚ್ಚೆಂದರೆ ೩೦ರಷ್ಟು ಮಾತ್ರ ಹಾಗೆ ಬಂದುವು. ೨೦೨೨ರಲ್ಲಿ ಫ್ರೆಂಚ್ ವಿಜ್ಞಾನಿಗಳೊಡನೆ ನಡೆಸಿದ ಕೆಲಸದಲ್ಲಿ, ಸಂಕರ ಬತ್ತದಲ್ಲಿಯೇ, ಈ ಪ್ರಮಾಣ ೯೫ನ್ನು ದಾಟಿತು. ಭ್ರೂಣಾಹಾರಕ್ಕೆ ಇನ್ನೂ ಪರಾಗ ಬೇಕು. ಆದರೆ ಅಂಡದಂತೆ ಪರಾಗವೂ ಅರ್ಧವಾಗದೆ ಉಳಿಯುವುದರಿಂದ ಎರಡಕ್ಕೆ ಒಂದು ಎಂಬ ಪುರಾತನ ಲೆಕ್ಕ ಕೆಡುವುದಿಲ್ಲ. ಸಂಕರವನ್ನು ಒಮ್ಮೆ ಮಾಡಿದರೆ ಸಾಕು; ರೈತನು ಅದನ್ನು ರಾಗಿಯಂತೆ ಕಣಜದಲ್ಲಿಟ್ಟು ಬಿತ್ತಬಹುದು.

ಒಂದೇ ವಿದ್ಯೆಯ ಎರಡು ಮುಖಗಳು ಹೀಗಿವೆ. ಒಂದರಲ್ಲಿ ಬೀಜ ತನ್ನನ್ನು ತಾನು ಕೊಂದುಕೊಳ್ಳುತ್ತದೆ, ಮತ್ತೊಂದರಲ್ಲಿ ಮಾರಿದವನಿಂದಲೇ ಬಿಡುಗಡೆ ಪಡೆಯುತ್ತದೆ. ಎರಡನೆಯದನ್ನು ಪೂರ್ಣಗೊಳಿಸುವ ಉತ್ಸಾಹವನ್ನು ವರ್ಷ ವರ್ಷ ಬೀಜ ಮಾರಿ ಬಾಳಬೇಕಾದ ವ್ಯಾಪಾರಿಯಿಂದ ನಿರೀಕ್ಷಿಸುವುದು ನ್ಯಾಯವಲ್ಲ. ಅವನು ಕೈಹಾಕಿದರೂ, ಮರುಬಿತ್ತನೆಗೆ ಶುಲ್ಕ ಕೇಳುವ ಕರಾರಿನೊಡನೆಯೇ ಕೈಹಾಕಿಯಾನು. ನಮ್ಮ ಸಾರ್ವಜನಿಕ ಸಂಸ್ಥೆಗಳಿಗಾದರೋ ಈ ವಿದ್ಯೆ ಹೊಸತಲ್ಲ. ಪಂಚಾನನ ಮಾಹೇಶ್ವರಿಯವರು ದೆಹಲಿಯಲ್ಲಿ ಕಟ್ಟಿದ ಸಸ್ಯಭ್ರೂಣಶಾಸ್ತ್ರದ ಪರಂಪರೆ ಲೋಕಪ್ರಸಿದ್ಧವಾದುದು. ೧೯೬೨ರಲ್ಲಿ ಅವರ ಬಳಗದವರು ಗಸಗಸೆಯ ಅಂಡಕಗಳಿಗೆ ಪರೀಕ್ಷಾನಾಳದಲ್ಲಿಯೇ ನಿಷೇಚನ ಮಾಡಿಸಿ ಬೀಜ ಪಡೆದರು. ನಮ್ಮ ಬಿ.ಜಿ.ಎಲ್. ಸ್ವಾಮಿಯವರು, 'ಹಸುರು ಹೊನ್ನು' ಬರೆದವರೆಂದು ಕನ್ನಡಿಗರೆಲ್ಲ ಬಲ್ಲವರು, ಸಸ್ಯಶಾಸ್ತ್ರಜ್ಞರ ನಡುವೆ ಆರ್ಕಿಡ್ ಗಿಡಗಳ ಭ್ರೂಣದ ಅಧ್ಯಯನಕ್ಕಾಗಿ ಹೆಸರಾದವರು. ಇಂಥವರು ಸೂಕ್ಷ್ಮದರ್ಶಕದಡಿಯಲ್ಲಿ ನೋಡಿ ಬರೆದಿಟ್ಟ ಕೋಶಗಳಲ್ಲಿಯೇ ಇಂದು ಜೀನುಗಳ ಹೆಸರನ್ನು ತುಂಬುತ್ತಿರುವುದು.

ಹತ್ತಿಯ ಉದಾಹರಣೆಯನ್ನು ಕೊಟ್ಟರೆ ಪಣಕ್ಕಿಟ್ಟಿರುವುದೇನೆಂಬುದು ಸ್ಪಷ್ಟವಾದೀತು. ೧೯೭೨ರಲ್ಲಿ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬಿ.ಎಚ್. ಕಟರಕಿಯವರು 'ಲಕ್ಷ್ಮಿ' ಎಂಬ ತಳಿಯನ್ನು ಬೇರೊಂದು ಜಾತಿಯ ನೀಳ ಎಳೆಯ ಹತ್ತಿಯೊಡನೆ ಕೂಡಿಸಿ 'ವರಲಕ್ಷ್ಮಿ'ಯನ್ನು ಸೃಷ್ಟಿಸಿದರು. ಎರಡು ಜಾತಿಗಳ ನಡುವಣ ಸಂಕರ ಹತ್ತಿ ವಾಣಿಜ್ಯಕ್ಕೆ ಬಂದುದು ಅದೇ ಮೊದಲು. ಅದು ಸಾರ್ವಜನಿಕ ಸಂಸ್ಥೆಯ ಕೊಡುಗೆ. ಆದರೆ ಸಂಕರವಾದ ಕಾರಣ ಅದರ ಬೀಜವನ್ನು ವರ್ಷ ವರ್ಷವೂ ಕೈಯಿಂದ ಮಾಡಬೇಕಾಯಿತು. ಸಂಜೆ ಪ್ರತಿಯೊಂದು ಮೊಗ್ಗಿನ ಕೇಸರಗಳನ್ನು ಕಿತ್ತು, ಬೆಳಗ್ಗೆ ಅದರ ಶಲಾಕೆಗೆ ಬೇರೆ ಹೂವಿನ ಪರಾಗವನ್ನು ಉಜ್ಜಬೇಕು. ಈ ಕೆಲಸ ಹೆಂಗಸರ ಪಾಲಿಗೂ, ನಾಚಿಕೆಯಿಂದ ಹೇಳಬೇಕಾದ ಮಾತೆಂದರೆ, ಅನೇಕ ಕಡೆ ಶಾಲೆಯಲ್ಲಿರಬೇಕಾದ ಮಕ್ಕಳ ಪಾಲಿಗೂ ಬಂದಿತು. ಪಡಿಯಚ್ಚಿನ ಬೀಜ ಹತ್ತಿಯಲ್ಲಿ ಸಾಧ್ಯವಾದರೆ ಆ ಚಿಕ್ಕ ಬೆರಳುಗಳಿಗೆ ವಿರಾಮ ದೊರೆಯುತ್ತದೆ. ಅದರೊಡನೆ ಬೀಜೋತ್ಪಾದನೆಯಿಂದ ನಾಲ್ಕು ಕಾಸು ಕಾಣುತ್ತಿರುವ ರಾಣೆಬೆನ್ನೂರು ಕಡೆಯ ಸಣ್ಣ ಹಿಡುವಳಿದಾರರ ಆದಾಯಕ್ಕೂ ಕುತ್ತು ಬರುತ್ತದೆ. ಅವರಿಗೆ ಬೇರೆ ದಾರಿ ತೋರಿಸದೆ ಈ ಮಾರ್ಪಾಟನ್ನು ತರುವುದು ತರವಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಭಾರವಾದುದು. ಎಲ್ಲೆಲ್ಲಿಯೂ ಒಂದೇ ಪಡಿಯಚ್ಚಿನ ಬೆಳೆ ನಿಂತರೆ ಒಂದೇ ರೋಗ ಎಲ್ಲವನ್ನೂ ತಿಂದುಹಾಕೀತು. ೧೯೭೦ರಲ್ಲಿ ಅಮೆರಿಕದ ಮುಸುಕಿನ ಜೋಳದ ಬಹುಭಾಗಕ್ಕೆ ಒಂದೇ ಮೂಲದ ಕೋಶರಸವಿದ್ದುದರಿಂದ ಎಲೆ ಅಂಗಮಾರಿ ರೋಗಕ್ಕೆ ನೂರಕ್ಕೆ ೧೫ರಷ್ಟು ಬೆಳೆ ತುತ್ತಾಯಿತು. ಇಂದಿನ ಸಂಕರ ಬೆಳೆಯ ಹೊಲವೂ ಏಕರೂಪವಾದುದೇ, ನಿಜ. ಆದರೆ ಅಂಗಡಿಯವನು ನಾಲ್ಕಾರು ವರ್ಷಕ್ಕೊಮ್ಮೆ ತಳಿ ಬದಲಿಸುತ್ತಾನೆ. ಬೀಜ ಕೈಯಲ್ಲಿಯೇ ಉಳಿದರೆ ರೈತ ಬದಲಿಸದೆ ಕೂತಾನು. ಆದುದರಿಂದ ಒಂದೆರಡು ತಳಿಗಳನ್ನು ಮಾಡಿ ಕೈತೊಳೆದುಕೊಳ್ಳದೆ, ಒಂದೊಂದು ಸೀಮೆಗೂ ಹಲವನ್ನು ಮಾಡಿ, ಕೂಡಿಸಿ ಬಿತ್ತುವಂತೆ ಕೊಡಬೇಕು. ಇದೂ ವ್ಯಾಪಾರಿಗೆ ಗಿಟ್ಟುವ ಕೆಲಸವಲ್ಲ. ಕಾಡುಬತ್ತದಂಥ ಹತ್ತಿರದ ನೆಂಟರಿಗೆ ಈ ಗುಣ ಪರಾಗದ ಮೂಲಕ ದಾಟುವುದೋ ಇಲ್ಲವೋ ಎಂಬುದನ್ನು ಹೊಲಕ್ಕೆ ಬಿಡುವ ಮುಂಚೆಯೇ ಪರೀಕ್ಷಿಸಬೇಕಾಗುತ್ತದೆ.

೨೦೨೨ರಲ್ಲಿ ನಮ್ಮ ಸರ್ಕಾರವು, ಹೊರಗಿನ ಜೀನನ್ನು ಸೇರಿಸದೆ ಗಿಡದ್ದೇ ಜೀನನ್ನು ತಿದ್ದಿದ ಬೆಳೆಗಳಿಗೆ ನಿಯಮಗಳನ್ನು ಸಡಿಲಿಸಿತು. ೨೦೨೫ರ ಮೇ ತಿಂಗಳಲ್ಲಿ ಅಂಥ ಎರಡು ಬತ್ತದ ತಳಿಗಳನ್ನು ಪ್ರಕಟಿಸಲಾಯಿತು. ಅವುಗಳಲ್ಲಿ ಹೈದರಾಬಾದಿನ ಬತ್ತ ಸಂಶೋಧನಾ ಸಂಸ್ಥೆಯ 'ಕಮಲಾ' ಎಂಬುದು, ತೆನೆಯ ಕಾಳಿನ ಸಂಖ್ಯೆಯನ್ನು ಹತೋಟಿಯಲ್ಲಿಡುವ ಜೀನನ್ನು ತಿದ್ದಿ ಪಡೆದುದು. ಸರ್ಕಾರಿ ಸಂಸ್ಥೆಗಳಿಗೆ ಈ ಕೈಚಳಕವಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಇದನ್ನು ಕಾಳು ಹೆಚ್ಚಿಸುವುದಕ್ಕೆ ಬಳಸಿದಂತೆಯೇ ಬೀಜ ಉಳಿಸುವುದಕ್ಕೂ ಏಕೆ ಬಳಸಬಾರದು? ಕೃಷಿ ವಿಶ್ವವಿದ್ಯಾನಿಲಯಗಳು ಕೂಡಿ ಒಂದು ಯೋಜನೆಯನ್ನು ಹಾಕಿಕೊಳ್ಳಲಿ. ಪೇಟೆಂಟುಗಳ ವಿಷಯವನ್ನು ಮೊದಲೇ ಮಾತಾಡಿ ಮುಗಿಸಲಿ. ತಳಿ ಹೊಲಕ್ಕೆ ಬಂದ ಮೇಲೆ ಶುಲ್ಕದ ಚೀಟಿ ಬರುವಂತಾಗದಿರಲಿ.

ಯಾವ ಬೆಳೆಯಿಂದ ಆರಂಭಿಸಬೇಕೆಂದು ನನ್ನನ್ನು ಕೇಳಿದರೆ ಜೋಳವೆನ್ನುವೆನು. ಸಿ.ಎಸ್.ಎಚ್.-೧ ಎಂಬ ಸಂಕರ ಜೋಳ ೧೯೬೪ರಲ್ಲಿಯೇ ಬಂದು ಮುಂಗಾರಿನಲ್ಲಿ ಸಂಕರಗಳು ಬೇರೂರಿದರೂ, ಹಿಂಗಾರಿನ ಕಪ್ಪು ಭೂಮಿಯಲ್ಲಿ ವಿಜಯಪುರದ ಕಡೆಯ ರೈತ ಮಾಲದಂಡಿಯನ್ನು ಬಿಡಲಿಲ್ಲ. ರೊಟ್ಟಿಯ ರುಚಿ, ದನಕ್ಕೆ ಕಣಿಕೆ, ಮಳೆಯಿಲ್ಲದೆ ನಿಲ್ಲುವ ಗಟ್ಟಿತನ ಇವೆಲ್ಲ ಅದಕ್ಕೆ ಕಾರಣ. ತೆನೆ ಆಯ್ದು ಬೀಜ ತಾನೇ ಇಟ್ಟುಕೊಳ್ಳಬಹುದೆಂಬುದೂ ಒಂದು. ಈ ಗುಣಗಳನ್ನೆಲ್ಲ ಇಟ್ಟುಕೊಂಡು ಇಳುವರಿಯಲ್ಲಿ ಮೇಲಾದ, ಕಣಜದಿಂದಲೇ ಮತ್ತೆ ಬಿತ್ತಬಹುದಾದ ಸಂಕರವೊಂದನ್ನು ಅವನ ಮುಂದಿಟ್ಟರೆ ಅವನು ಏನೆನ್ನುವನೆಂಬುದನ್ನು, ಸಂಶೋಧನೆಗೆ ಹಣ ಮಂಜೂರು ಮಾಡುವವರು ಒಮ್ಮೆ ಸುಗ್ಗಿಯ ಕಾಲದಲ್ಲಿ ಅಲ್ಲಿಗೇ ಹೋಗಿ ಕೇಳಿಬರಲಿ.